ಮರದ ಮೇಲೆ ನಿಂತ ನೀರು

ಸಾಗರದ ಹಳೆಯ ಮನೆ ಮಾರಿದಾಗ ಅಲ್ಲಿನ ಊಟದ ಮೇಜು ಬೆಂಗಳೂರಿನ ನಮ್ಮ ಮನೆಗೆ ಬಂತು. ಐದಡಿ ಉದ್ದ, ಮೂರಡಿ ಅಗಲದ ತೇಗದ ಮೇಜು. ಆಚಾರ್ರು ನಮ್ಮ ಜಗಲಿಯ ಮೇಲೇ ಕೂತು, ಚೇಗು ತುಂಬಿದ ಹಲಗೆಗಳನ್ನು ಆರಿಸಿ, ಕೀಲು ಕೂಡಿಸಿ ಮಾಡಿದ್ದು. ಈಗ ಅದರ ಮೈಮೇಲೆ ಬಿಸಿ ಲೋಟ ಇಟ್ಟಲ್ಲೆಲ್ಲ ಬಿಳಿಯ ಬಳೆಗಳು. ಒದ್ದೆ ಕಬ್ಬಿಣದ ಕಾವಲಿ ಇಟ್ಟಲ್ಲಿ ಮಸಿ ಬಳಿದಂಥ ಕಲೆ. ಎರಡು ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಎಪಾಕ್ಸಿ ಹಾಕಿಸಿಬಿಡಿ, ಗಾಜಿನ ಹಾಗೆ ಆಗುತ್ತೆ.’

ಅವರ ಮಾತು ಸುಳ್ಳಲ್ಲ. ಒಳ್ಳೆಯ ಕೈ ಹಾಕಿದ ಎಪಾಕ್ಸಿ ನೋಡಿದರೆ ಮರದ ಮೇಲೆ ತಿಳಿನೀರು ಬಂದು ನಿಂತಂತೆ ಕಾಣುತ್ತದೆ. ಎಳೆಗಳು, ಗಂಟುಗಳು, ಚೇಗಿನ ಕಂದು, ಹೊರಮರದ ತಿಳಿಬಣ್ಣ ಎಲ್ಲ ಆಳದಲ್ಲಿ ತೇಲುತ್ತವೆ. ನಾನೂ ಮರುಳಾದೆ. ಆದರೆ ಊಟದ ಮೇಜಿಗೆ ಕೈ ಹಚ್ಚುವ ಮುನ್ನ ಈ ವಸ್ತುವನ್ನು ಅರಿತುಕೊಳ್ಳಬೇಕೆನಿಸಿ ಮೊದಲು ಒಂದು ಮಣೆಯ ಮೇಲೆ, ಆಮೇಲೆ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಿಂದ ತಂದ ಒಂದು ಓದುವ ಮೇಜಿನ ಮೇಲೆ ಕೆಲಸ ಮಾಡಿ ನೋಡಿದೆ. ಅದಕ್ಕೆ ಹಿಡಿದ ಎರಡು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಎಪಾಕ್ಸಿ ಪಾಲಿಶ್ ಜಾತಿಯ ವಸ್ತುವಲ್ಲ. ನಮ್ಮ ಹಿರಿಯರ ಮನೆಗಳ ಮರದ ಸಾಮಾನಿಗೆ ಬಳಿಯುತ್ತಿದ್ದದ್ದು ಅರಗು. ಮುತ್ತುಗ, ಬೋರೆ, ಕುಸುಮ ಮರಗಳ ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಪುಟ್ಟ ಕೀಟ ತನ್ನ ಮೈಸುತ್ತ ಕಟ್ಟಿಕೊಳ್ಳುವ ಗೂಡು ಅದು. ಅದನ್ನು ಕಾಯಿಸಿ, ಸೋಸಿ, ಹಾಳೆಯಂತೆ ಎಳೆದು ಒಣಗಿಸಿದರೆ ಚಕ್ಕೆ ಅರಗು. ಸ್ಪಿರಿಟ್‌ನಲ್ಲಿ ಒಂದು ರಾತ್ರಿ ನೆನೆಸಿದರೆ ಪಾಲಿಶ್. ಬಟ್ಟೆಯ ಉಂಡೆಯಿಂದ ಒರೆಸುತ್ತ ಹೋದಂತೆ ಸ್ಪಿರಿಟ್ ಹಾರಿಹೋಗಿ ಅರಗು ಮಾತ್ರ ಮರದ ಮೇಲೆ ಉಳಿಯುತ್ತದೆ. ನಾಳೆ ಅದೇ ಜಾಗಕ್ಕೆ ಸ್ಪಿರಿಟ್ ತಾಗಿಸಿದರೆ ಆ ಅರಗು ಮತ್ತೆ ಕರಗುತ್ತದೆ. ಇದು ಅದರ ದೌರ್ಬಲ್ಯ, ಅದೇ ಅದರ ದೊಡ್ಡ ಗುಣ. ಬಿಳಿ ಬಳೆ ಬಿದ್ದ ಜಾಗಕ್ಕೆ ಸ್ಪಿರಿಟ್ ನೇವರಿಸಿ ಮತ್ತೊಂದು ಕೈ ಒರೆಸಿದರೆ ಹೊಸದು ಹಳೆಯದರಲ್ಲಿ ಬೆರೆತುಹೋಗುತ್ತದೆ. ಜೋಡಿಸಿದ ಗುರುತೂ ಉಳಿಯುವುದಿಲ್ಲ.

ಎಪಾಕ್ಸಿ ಹಾಗೆ ಒಣಗುವುದಿಲ್ಲ. ಅದರಲ್ಲಿ ಹಾರಿಹೋಗುವಂಥದ್ದು ಏನೂ ಇಲ್ಲ. ರೆಸಿನ್ ಒಂದು ಡಬ್ಬಿ, ಹಾರ್ಡನರ್ ಒಂದು ಡಬ್ಬಿ. ಎರಡೂ ಬೆರೆತಾಗ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತ, ಎಲ್ಲ ದಿಕ್ಕಿಗೂ ಬಲೆ ಹೆಣೆಯುತ್ತ, ಕೊನೆಗೆ ಇಡೀ ಲೇಪ ಒಂದೇ ಘನವಾಗುತ್ತದೆ. ಸುರಿದಷ್ಟೂ ಉಳಿಯುತ್ತದೆ. ಆ ಬಲೆ ಒಮ್ಮೆ ಹೆಣೆದುಕೊಂಡ ಮೇಲೆ ಸ್ಪಿರಿಟ್ ಕರಗಿಸಲಾರದು, ಥಿನ್ನರ್ ಕರಗಿಸಲಾರದು, ಕಾಯಿಸಿದರೆ ಮೆತ್ತಗಾದೀತೇ ಹೊರತು ಮೇಣದಂತೆ ಕರಗಿ ಹರಿಯದು.

ಈ ವಸ್ತು ನಮಗೆ ಹೊಸತೇನಲ್ಲ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಪಿಯರ್ ಕಾಸ್ತಾನ್ 1930ರ ದಶಕದಲ್ಲಿ ಕೃತಕ ಹಲ್ಲಿನ ಕಟ್ಟು ತಯಾರಿಸಲು ಒಂದು ಗಟ್ಟಿ ಪದಾರ್ಥ ಹುಡುಕುತ್ತಿದ್ದಾಗ ಎಪಾಕ್ಸಿಯ ದಾರಿ ಹಿಡಿದರು. ಅದನ್ನು ತಯಾರಿಸುವ ಹಕ್ಕನ್ನು ಬಾಸೆಲ್ ನಗರದ ಸಿಬಾ ಕಂಪನಿ ಪಡೆದು, ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅಂಟಿನ ರೂಪದಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹೆಸರು ಅರಾಲ್ಡೈಟ್. ಮುರಿದ ಪಿಂಗಾಣಿ, ಕಳಚಿದ ಕುರ್ಚಿಯ ಕಾಲು, ಕನ್ನಡಕದ ಕಡ್ಡಿಗೆಲ್ಲ ಎರಡು ಟ್ಯೂಬು ಹಿಂಡಿ, ಬೆಂಕಿಕಡ್ಡಿಯಲ್ಲಿ ಕಲಸಿ ಹಚ್ಚುತ್ತಿದ್ದೆವಲ್ಲ, ಅದೇ. ಇಂದು ಮೇಜಿನ ಮೇಲೆ ಸುರಿಯುವುದು ಅದರ ತೆಳು, ತಿಳಿಯಾದ ಬಳಗ.

ಹಾಲಿಗೆ ಹೆಪ್ಪು ಹಾಕಿದಂತೆ ರೆಸಿನ್‌ಗೆ ಹಾರ್ಡನರ್ ಎಂದು ಅಂಗಡಿಯವರೊಬ್ಬರು ನನಗೆ ವಿವರಿಸಿದರು. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಹೆಪ್ಪು ಕಡಿಮೆಯಾದರೆ ಮೊಸರು ತಡವಾಗಿ ಆಗುತ್ತದೆ, ಅಷ್ಟೇ. ಇಲ್ಲಿ ಹಾರ್ಡನರ್ ಕಡಿಮೆಯಾದರೆ ಲೇಪ ಎಂದೆಂದಿಗೂ ಗಟ್ಟಿಯಾಗುವುದಿಲ್ಲ. ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ ಎಂಬುದೂ ತಪ್ಪು, ಆಗಲೂ ಅಂಟಂಟೇ. ಅಂಗಿಯ ಗುಂಡಿ ಮತ್ತು ಕಾಜದ ಲೆಕ್ಕ ಇದು. ಗುಂಡಿಗೆ ಒಂದೊಂದು ಕಾಜ ಸಿಗಬೇಕು. ಯಾವುದು ಹೆಚ್ಚಾದರೂ ಉಳಿದದ್ದು ಜೋಡಿಯಿಲ್ಲದೆ ಲೇಪದೊಳಗೆ ಜಿಡ್ಡಾಗಿ ಕೂರುತ್ತದೆ.

ನನ್ನ ಮಣೆ ಕೆಟ್ಟದ್ದು ಇಲ್ಲೇ. ಡಬ್ಬಿಯ ಮೇಲೆ ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್ ಎಂದಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಇನ್ನೂರು ಗ್ರಾಂ, ನೂರು ಗ್ರಾಂ ತೂಗಿ ಕಲಸಿದೆ. ಆ ಪಾಲು ಅಳತೆಯ ಲೆಕ್ಕದ್ದು, ತೂಕದ್ದಲ್ಲ. ರೆಸಿನ್ ನೀರಿಗಿಂತ ಭಾರ, ಹಾರ್ಡನರ್ ಸಾಮಾನ್ಯವಾಗಿ ಅದಕ್ಕಿಂತ ಹಗುರ; ಹಾಗಾಗಿ ಎರಡು ಲೋಟಕ್ಕೆ ಒಂದು ಲೋಟ ಎಂದದ್ದನ್ನು ತೂಗಿದರೆ ಲೆಕ್ಕ ತಪ್ಪುತ್ತದೆ. ಒಂದು ವಾರ ಕಾದೆ, ಎರಡು ವಾರ ಕಾದೆ. ಬೆರಳಿಟ್ಟರೆ ಗುರುತು ಬೀಳುತ್ತಲೇ ಇತ್ತು. ಕೊನೆಗೆ ಕೆರೆಯುವ ಪಟ್ಟಿಯಿಂದ ಪೂರ್ತಿ ಕೆರೆದು ತೆಗೆಯಲು ಒಂದು ಭಾನುವಾರ ಹಿಡಿಯಿತು. ತಯಾರಕರು ತೂಕದ ಪಾಲನ್ನು ಬೇರೆಯಾಗಿ ಕೊಟ್ಟಿದ್ದರೆ ಮಾತ್ರ ತೂಗಿ. ಇಲ್ಲವಾದರೆ ಗೆರೆ ಹಾಕಿದ ಲೋಟದಲ್ಲೇ ಅಳೆಯಿರಿ.

ಕಲಸುವುದೂ ಒಂದು ಕೆಲಸವೇ. ಮೂರರಿಂದ ಐದು ನಿಮಿಷ, ನಿಧಾನವಾಗಿ, ಲೋಟದ ಗೋಡೆ ಮತ್ತು ತಳವನ್ನು ಸವರಿ ಸವರಿ ಕಲಸಬೇಕು. ಜೋರಾಗಿ ಕಡೆದರೆ ಗಾಳಿ ಸೇರಿ ಗುಳ್ಳೆಯೇಳುತ್ತದೆ. ಕಲಸಿದ್ದನ್ನು ಇನ್ನೊಂದು ಚೊಕ್ಕ ಲೋಟಕ್ಕೆ ಬಗ್ಗಿಸಿ ಮತ್ತೊಮ್ಮೆ ಕಲಸಿದರೆ ಇನ್ನೂ ಕ್ಷೇಮ. ಮೊದಲ ಲೋಟದ ಗೋಡೆಗೆ ಅಂಟಿದ, ಸರಿಯಾಗಿ ಬೆರೆಯದ ರೆಸಿನ್ ಮೇಜಿನ ಮೇಲೆ ಬಿದ್ದರೆ ಆ ಒಂದು ಅಂಗೈಯಷ್ಟು ಜಾಗ ಮಾತ್ರ ಅಂಟಾಗಿಯೇ ಉಳಿಯುತ್ತದೆ. ತಳದಲ್ಲಿ ಉಳಿದದ್ದನ್ನು ಕೆರೆದು ಸುರಿಯುವ ಮಿತವ್ಯಯ ಇಲ್ಲಿ ಬೇಡ.

ಓದುವ ಮೇಜಿಗೆ ಬಂದಾಗ ಹೆಚ್ಚು ಹೊತ್ತು ಹೋದದ್ದು ಸುರಿಯುವುದರಲ್ಲಲ್ಲ, ಹಳೆಯ ಮೈ ತೆಗೆಯುವುದರಲ್ಲಿ. ಮೇಲೇನಿದೆ ಎಂದು ತಿಳಿಯದೆ ಉಜ್ಜಲು ಹೊರಡಬಾರದು. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆ ಒತ್ತಿ ನೋಡಿ. ಮೆತ್ತಗಾಗಿ ಬಟ್ಟೆಗೆ ಕಂದು ಬಣ್ಣ ಬಂದರೆ ಅರಗು. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ಬಣ್ಣವೋ ಮೆಲಮೈನ್ ಅಥವಾ ಪಾಲಿಯುರೇಥೇನ್ ಪಾಲಿಶೋ ಇದ್ದೀತು. ಮೇಣ ಹಚ್ಚಿ ಒರೆಸಿದ ಸಾಮಾನಾದರೆ ಟರ್ಪೆಂಟೈನ್‌ನಿಂದ ಪೂರ್ತಿ ಬಿಡಿಸಬೇಕು. ಮೇಣದ ಮೇಲೆ ಎಪಾಕ್ಸಿ ಹಿಡಿಯುವುದೇ ಇಲ್ಲ. ಹೊಳಪಿಗೆಂದು ಸಿಂಪಡಿಸುವ ಕೆಲವು ಡಬ್ಬಿಗಳಲ್ಲಿ ಸಿಲಿಕೋನ್ ಇರುತ್ತದೆ. ಅದು ಮರದ ರಂಧ್ರದಲ್ಲಿ ಒಂದಿಷ್ಟು ಉಳಿದಿದ್ದರೂ ಸುರಿದ ಲೇಪ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಗುಳಿಗಳು ಬೀಳುತ್ತವೆ.

ನಾನು ತಂದ ಮೇಜಿಗೆ ಹಸಿರು ಎಣ್ಣೆ ಬಣ್ಣ ಬಳಿದಿತ್ತು, ಅದೂ ಮೂರ್ನಾಲ್ಕು ಕೈ. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇರಬಹುದೆಂದೇ ತಿಳಿದು ಕೆಲಸ ಮಾಡಬೇಕು. ಒಣಗಿದ್ದಾಗ ಪೇಪರ್ ಹೊಡೆದರೆ ಅದು ಧೂಳಾಗಿ ಮನೆಯಲ್ಲೆಲ್ಲ ಕೂರುತ್ತದೆ. ನೆಲದಲ್ಲಿ ಆಡುವ ಮಗು ಬೆರಳು ಬಾಯಿಗಿಟ್ಟರೆ ಸಾಕು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಹೀಗಾಗಿ ಬಣ್ಣ ಬಿಡಿಸುವ ಲೇಪ ಹಚ್ಚಿ, ಮೆತ್ತಗಾದದ್ದನ್ನು ಹಸಿಯಾಗಿರುವಾಗಲೇ ಕೆರೆದು, ಹಳೆ ಪತ್ರಿಕೆಯಲ್ಲಿ ಕಟ್ಟಿ ತೆಗೆದೆ. ಮನೆಯಲ್ಲಿ ಗರ್ಭಿಣಿಯರೋ ಚಿಕ್ಕ ಮಕ್ಕಳೋ ಇದ್ದರೆ ಈ ಹಂತವನ್ನು ಮನೆಯೊಳಗೆ ಮಾಡಲೇಬೇಡಿ.

ಹಸಿರಿನ ಅಡಿಯಿಂದ ತೇಗ ಕಂಡಾಗ ಮೈ ಜುಮ್ಮೆಂದಿತು. ಇಷ್ಟು ಒಳ್ಳೆಯ ಮರಕ್ಕೆ ಬಣ್ಣ ಬಳಿದವರು ಯಾರೋ. 80ರ ಪೇಪರಿನಿಂದ ಶುರುಮಾಡಿ 120, ಆಮೇಲೆ 180ಕ್ಕೆ ನಿಲ್ಲಿಸಿದೆ. ಕೈಗೆ ರೇಷ್ಮೆಯಂತಾಗುವವರೆಗೆ ಉಜ್ಜುವುದು ಅರಗಿನ ಪಾಲಿಶ್‌ಗೆ ಸರಿ. ಎಪಾಕ್ಸಿಗೆ ಕಚ್ಚಿಕೊಳ್ಳಲು ಸಣ್ಣ ಗೀರುಗಳು ಬೇಕು. ಕಬ್ಬಿಣ ತಾಗಿ ಕಪ್ಪಾದ ಜಾಗಕ್ಕೆ ಬಿಸಿನೀರಿನಲ್ಲಿ ಕದಡಿದ ಆಕ್ಸಾಲಿಕ್ ಆಮ್ಲ ಹಚ್ಚಿದರೆ ಕಪ್ಪು ಬಿಡುತ್ತದೆ. ಮರದೊಳಗಿನ ಒಗರು ಮತ್ತು ಕಬ್ಬಿಣ ಸೇರಿ ಆದ ಕಲೆ ಅದು, ಹಿಂದಿನವರು ಅಣಲೆಕಾಯಿಯಿಂದ ಶಾಯಿ ಮಾಡುತ್ತಿದ್ದ ಕ್ರಮದಲ್ಲೇ ಆಗುವಂಥದ್ದು. ಆಕ್ಸಾಲಿಕ್ ಆಮ್ಲ ವಿಷ. ಆಮೇಲೆ ಎರಡು ಮೂರು ಸಲ ನೀರಿನಲ್ಲಿ ಒರೆಸಿ ದಿನಗಟ್ಟಲೆ ಒಣಗಿಸಬೇಕು. ತೇಗದ ಮೈಯಲ್ಲಿ ಸಹಜವಾಗಿಯೇ ಎಣ್ಣೆಯಂಶ ಇರುವುದರಿಂದ ಲೇಪ ಹಾಕುವ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಕೆಲಸಕ್ಕೆ ಇಳಿಯಬೇಕು. ತಡಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಇನ್ನು ನೀರಿನ ವಿಚಾರ. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವವನ್ನು ಕುಡಿಯುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ತೇವ ನೂರಕ್ಕೆ ಐವತ್ತು ಇದ್ದಲ್ಲಿ ಮರದೊಳಗೆ ಸುಮಾರು ಶೇಕಡಾ 9ರಷ್ಟು ನೀರು ನಿಲ್ಲುತ್ತದೆ. ಎಂಬತ್ತು ಇದ್ದಲ್ಲಿ ಸುಮಾರು 16. ಆಷಾಢದ ಸಾಗರದಲ್ಲಿ ಉಬ್ಬಿದ ಹಲಗೆ ಬೆಂಗಳೂರಿನ ಮಾರ್ಚ್‌ನಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ, ಅಡ್ಡಕ್ಕೆ ಮಾತ್ರ ಕೆಲವು ಮಿಲಿಮೀಟರ್. ನಮ್ಮ ಊಟದ ಮೇಜಿನ ಸಂದು ಬಂದದ್ದು ಹಾಗೆ. ಮಲೆನಾಡಿನಿಂದಲೋ ಕರಾವಳಿಯಿಂದಲೋ ತಂದ ಸಾಮಾನನ್ನು ಬಯಲುಸೀಮೆಯ ಮನೆಯಲ್ಲಿ ಕೆಲವು ತಿಂಗಳಾದರೂ ಸುಮ್ಮನೆ ಇಟ್ಟು, ಅದು ಹೊಸ ಗಾಳಿಗೆ ಒಗ್ಗಿದ ಮೇಲಷ್ಟೇ ಲೇಪದ ಮಾತು. ತೇವ ಅಳೆಯುವ ಪುಟ್ಟ ಮೀಟರು ಸಿಗುತ್ತದೆ. ಶೇಕಡಾ 12ಕ್ಕಿಂತ ಹೆಚ್ಚು ತೋರಿಸಿದರೆ ಕಾಯಿರಿ.

ಹೆಚ್ಚಿನವರು ಮೇಲ್ಮೈಗೆ ಮಾತ್ರ ಎಪಾಕ್ಸಿ ಸುರಿದು ಅಡಿಭಾಗವನ್ನು ಬರಿ ಮರವಾಗಿಯೇ ಬಿಡುತ್ತಾರೆ. ಮೇಲೆ ಬಾಯಿ ಕಟ್ಟಿ ಕೆಳಗೆ ತೆರೆದಿಟ್ಟಂತೆ ಅದು. ಕೆಳಗಿನ ಮೈ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಕುಗ್ಗುತ್ತದೆ; ಒಂದೆರಡು ಮಳೆಗಾಲದಲ್ಲಿ ಹಲಗೆ ದೋಣಿಯಂತೆ ಬಾಗುತ್ತದೆ. ಅಡಿಗೂ ತೆಳುವಾಗಿ ಎರಡು ಕೈ ಎಪಾಕ್ಸಿ ಹಚ್ಚಲೇಬೇಕು. ಹಲಗೆಯನ್ನು ಚೌಕಟ್ಟಿಗೆ ಬಿಗಿದಿರುವ ಸ್ಕ್ರೂಗಳ ತೂತನ್ನು ಅಡ್ಡಕ್ಕೆ ಸ್ವಲ್ಪ ಉದ್ದ ಮಾಡಿಕೊಟ್ಟರೆ ಮರ ತನ್ನ ಪಾಡಿಗೆ ಸರಿದಾಡುತ್ತದೆ, ಸೀಳುವುದಿಲ್ಲ. ಕುಟ್ಟೆ ಹುಳದ ತೂತುಗಳಿದ್ದರೆ, ಹಿಟ್ಟು ಉದುರುತ್ತಿದ್ದರೆ, ಮೊದಲು ಹುಳಕ್ಕೆ ಔಷಧ ಮಾಡಿ ಮುಗಿಸಿ. ಎಪಾಕ್ಸಿಯ ಅಡಿಯಲ್ಲೂ ಅವು ಕೊರೆಯುತ್ತಲೇ ಇರುತ್ತವೆ.

ಒಂದೇ ಸಲಕ್ಕೆ ದಪ್ಪಗೆ ಸುರಿಯುವ ಆಸೆಯನ್ನು ತಡೆದುಕೊಳ್ಳಿ. ಮೊದಲ ಕೈ ತೀರಾ ತೆಳು, ಪಟ್ಟಿಯಿಂದ ಎಳೆದು ರಂಧ್ರಗಳಿಗೆ ಉಣಿಸುವುದಷ್ಟೇ. ಮರದ ಸೂಕ್ಷ್ಮ ಕೊಳವೆಗಳಲ್ಲಿ ಗಾಳಿ ತುಂಬಿರುತ್ತದೆ. ಬಿಸಿಲೇರುವ ಹೊತ್ತಿಗೆ ಆ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಗಟ್ಟಿಯಾಗುತ್ತಿರುವ ಲೇಪದಲ್ಲಿ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಹೀಗಾಗಿ ಈ ಕೈಗೆ ಬೆಳಗಿಗಿಂತ ಸಂಜೆ ಒಳ್ಳೆಯದು. ಮರ ತಣಿಯುತ್ತ ಬಂದಂತೆ ಒಳಗಿನ ಗಾಳಿ ಕುಗ್ಗಿ ರೆಸಿನ್ ಅನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಟ್ಟ ತಿಳಿವಳಿಕೆ ಇದು. ಸಂಜೆ ಐದರ ಹೊತ್ತಿಗೆ ಹಚ್ಚಿ, ಕತ್ತಲಾಗುವವರೆಗೆ ಪಕ್ಕದಲ್ಲೇ ಕೂತು ನೋಡಿದೆ. ಹಲಗೆಯ ತುದಿಗಳು ಕುಡಿದೇ ಕುಡಿದವು, ಒಣಗಿದಂತೆ ಕಂಡಲ್ಲೆಲ್ಲ ಮತ್ತೆ ಸವರಿದೆ. ಮರುದಿನ ಒಂದು ಗುಳ್ಳೆಯೂ ಇರಲಿಲ್ಲ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ಹರಡಿದರೆ ದಪ್ಪ ಒಂದು ಮಿಲಿಮೀಟರ್. ನನ್ನ ಓದುವ ಮೇಜು ನಾಲ್ಕಡಿಗೆ ಎರಡಡಿ, ಅಂದರೆ ಮುಕ್ಕಾಲು ಚದರ ಮೀಟರಿಗೆ ತುಸು ಕಡಿಮೆ. ಎರಡು ಮಿಲಿಮೀಟರಿನ ಲೇಪಕ್ಕೆ ಒಂದೂವರೆ ಲೀಟರ್. ಮೊದಲ ಕೈ, ಅಂಚಿನಿಂದ ಸೋರಿಹೋಗುವುದು, ಅಡಿಭಾಗ ಎಲ್ಲ ಸೇರಿ ಎರಡೂವರೆ ಲೀಟರ್ ತಂದಿದ್ದೆ. ಸುರಿಯುವ ಮುನ್ನ ರಸಮಟ್ಟ ಇಟ್ಟು ಮೇಜು ಉದ್ದಕ್ಕೂ ಅಡ್ಡಕ್ಕೂ ಸಮವಾಗಿದೆಯೇ ನೋಡಬೇಕು. ಎಪಾಕ್ಸಿ ನೀರಿನಂತೆಯೇ ತಗ್ಗು ಹುಡುಕುತ್ತದೆ. ಅಡಿ ಅಂಚಿಗೆ ಸುತ್ತಲೂ ಟೇಪ್ ಅಂಟಿಸಿಟ್ಟರೆ ಅಲ್ಲಿ ತೂಗಿ ಗಟ್ಟಿಯಾದ ಹನಿಗಳನ್ನು ಆಮೇಲೆ ಟೇಪಿನ ಜೊತೆಗೇ ಕಿತ್ತು ತೆಗೆಯಬಹುದು.

ಕಲಸಿದ ಮೇಲೆ ಗಡಿಯಾರ ಓಡುತ್ತದೆ. ಕೊಂಡಿ ಬೀಳುವಾಗ ಶಾಖ ಹುಟ್ಟುತ್ತದೆ, ಶಾಖ ಹೆಚ್ಚಿದಂತೆ ಕೊಂಡಿ ಇನ್ನೂ ಬೇಗ ಬೀಳುತ್ತದೆ. ಹತ್ತು ಡಿಗ್ರಿ ಸೆಖೆ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ; 25 ಡಿಗ್ರಿಯಲ್ಲಿ ನಲವತ್ತು ನಿಮಿಷ ಸಿಗುವ ಮಿಶ್ರಣ 35 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಕೈಬಿಡುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ಈ ಕೆಲಸ ಮಾಡುವವರು ಇದನ್ನು ನೆನಪಿಡಬೇಕು. ಬಕೆಟ್ಟಿನಲ್ಲಿ ರಾಶಿಯಾಗಿ ಇದ್ದಾಗ ಶಾಖ ಹೊರಹೋಗಲು ದಾರಿಯಿಲ್ಲದೆ ಮಿಶ್ರಣ ಕುದಿದು ಹೊಗೆಯಾಡಿ ಪ್ಲಾಸ್ಟಿಕ್ ಲೋಟವನ್ನೇ ಕರಗಿಸಬಲ್ಲದು. ಮೇಜಿನ ಮೇಲೆ ತೆಳುವಾಗಿ ಹರಡಿದರೆ ತಣ್ಣಗಿರುತ್ತದೆ. ಹೀಗಾಗಿ ಕಲಸಿದ ತಕ್ಷಣ ಸುರಿಯಿರಿ, ಲೋಟದಲ್ಲಿ ಇಟ್ಟುಕೊಂಡು ಮಾತಿಗೆ ನಿಲ್ಲಬೇಡಿ. ಮೇಲೆದ್ದ ಗುಳ್ಳೆಗಳ ಮೇಲೆ ಹೀಟ್ ಗನ್ ಅಥವಾ ಗ್ಯಾಸ್ ಟಾರ್ಚನ್ನು ಒಂದು ಕ್ಷಣವೂ ನಿಲ್ಲಿಸದೆ ಆಡಿಸಿದರೆ ಒಡೆಯುತ್ತವೆ. ಟಾರ್ಚ್ ಹಚ್ಚುವ ಮುನ್ನ ಅಸಿಟೋನ್ ಡಬ್ಬಿ, ಅದನ್ನು ಒರೆಸಿದ ಬಟ್ಟೆ ಎರಡನ್ನೂ ಕೋಣೆಯಿಂದ ಆಚೆ ಸಾಗಿಸಿ.

ಆಮೇಲೆ ಫ್ಯಾನ್ ಆರಿಸಿ, ಕಿಟಕಿಗೆ ತೆಳುಬಟ್ಟೆ ಕಟ್ಟಿ, ಬಾಗಿಲು ಮುಂದೆ ಮಾಡಿ. ಒಂದು ದಿನಕ್ಕೆ ಮುಟ್ಟುವಂತಾಗುತ್ತದೆ, ಮೂರು ದಿನಕ್ಕೆ ಹಗುರವಾದದ್ದನ್ನು ಇಡಬಹುದು, ಪೂರ್ತಿ ಬಲ ಬರಲು ವಾರ ಬೇಕು. ಎರಡನೇ ಕೈ ಹಾಕುವುದಿದ್ದರೆ ಮೊದಲನೆಯದು ಇನ್ನೂ ಬೆರಳಿಗೆ ಸ್ವಲ್ಪ ಹಿಡಿಯುವಂತಿರುವಾಗಲೇ ಹಾಕಿ. ಪೂರ್ತಿ ಗಟ್ಟಿಯಾದ ಮೇಲಾದರೆ ಪೇಪರ್ ಹೊಡೆದು ಹೊಳಪು ಕಳೆಯದೆ ಹೊಸ ಕೈ ಕಚ್ಚುವುದಿಲ್ಲ. ಮಳೆಗಾಲದಲ್ಲಿ, ತೇವದ ಗಾಳಿಯಲ್ಲಿ ಹಾಕಿದರೆ ಮೇಲೆ ಮೇಣದಂಥ ಜಿಡ್ಡು ಪೊರೆಯೋ ಬಿಳಿ ಮಬ್ಬೋ ಬರುತ್ತದೆ. ಹಾರ್ಡನರ್ ಗಾಳಿಯ ನೀರು ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಆಗುವ ಪೊರೆ ಅದು. ಜಿಡ್ಡಾದರೆ ಬರೀ ನೀರಿನಲ್ಲಿ ತಿಕ್ಕಿ ತೊಳೆದರೆ ಹೋಗುತ್ತದೆ; ತೊಳೆಯದೆ ಮೇಲೆ ಇನ್ನೊಂದು ಕೈ ಹಾಕಿದಿರೋ, ಅದು ಸಿಪ್ಪೆಯಂತೆ ಏಳುತ್ತದೆ. ಕರಾವಳಿಯವರು, ಮಲೆನಾಡಿನವರು ದೀಪಾವಳಿ ಕಳೆಯುವವರೆಗೆ ಕಾಯುವುದೇ ಮೇಲು.

ವಾಸನೆ ಕಡಿಮೆ ಎಂಬ ಕಾರಣಕ್ಕೆ ಎಪಾಕ್ಸಿಯನ್ನು ಸಾಧು ಎಂದು ಮಾರುತ್ತಾರೆ. ಇದು ನನಗೆ ಕೋಪ ತರಿಸುವ ವಿಷಯ. ಗಟ್ಟಿಯಾದ ಮೇಲೆ ಅದು ನಿಜವಾಗಿ ಸಾಧುವೇ. ಹಸಿಯಾಗಿದ್ದಾಗ ಅಲ್ಲ. ಹಸಿ ರೆಸಿನ್ ಮತ್ತು ಹಾರ್ಡನರ್ ಚರ್ಮಕ್ಕೆ ಪದೇಪದೇ ತಾಗಿದರೆ ಮೈ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಹಾಗಾದರೆ ಮತ್ತೆ ಚೂರು ತಾಗಿದರೂ ತುರಿ, ಕೆಂಪು ಗುಳ್ಳೆ, ಊತ. ಈ ಅಲರ್ಜಿ ಸಾಮಾನ್ಯವಾಗಿ ಜೀವಮಾನಕ್ಕೆ ಉಳಿಯುತ್ತದೆ. ಬರಿಗೈಯಲ್ಲಿ ಎಪಾಕ್ಸಿ ಸವರಿ, ಸಂಜೆ ಥಿನ್ನರ್‌ನಲ್ಲಿ ಕೈ ತೊಳೆಯುವ ಹುಡುಗರನ್ನು ಅಂಗಡಿಗಳಲ್ಲಿ ಕಂಡಿದ್ದೇನೆ. ಥಿನ್ನರ್ ಚರ್ಮದ ಜಿಡ್ಡು ತೆಗೆದು ರೆಸಿನ್ ಅನ್ನು ಇನ್ನೂ ಒಳಕ್ಕೆ ಬಿಡುತ್ತದೆ. ನೈಟ್ರೈಲ್ ಕೈಗವಸು, ತುಂಬುತೋಳಿನ ಅಂಗಿ, ಗಾಳಿಯಾಡುವ ಕೋಣೆ, ಚರ್ಮಕ್ಕೆ ತಾಗಿದರೆ ಸೋಪು ಮತ್ತು ನೀರು. ಉಜ್ಜುವಾಗ ಧೂಳು ತಡೆಯುವ ಒಳ್ಳೆಯ ಮಾಸ್ಕ್. ಕೆಲಸದವರನ್ನು ಕರೆಸಿ ಮಾಡಿಸುವವರು ಇವನ್ನು ತಾವೇ ತಂದು ಅವರ ಕೈಗೆ ಕೊಡಬೇಕು.

ಓದುವ ಮೇಜು ಚೆನ್ನಾಗಿ ಬಂತು. ಮಗಳು ಅದರ ಮೇಲೆ ಜಲವರ್ಣ ಚೆಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ, ಕಲೆಯೇ ಇಲ್ಲ. ಕೈತೊಳೆಯುವ ಬೇಸಿನ್ನಿನ ಪಕ್ಕದ ಹಲಸಿನ ಹಲಗೆಗೂ ಹಾಕಿದೆ. ದಿನವಿಡೀ ನೀರು ಬೀಳುವ ಆ ಜಾಗದಲ್ಲಿ ಅರಗಿನ ಪಾಲಿಶ್ ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ.

ಆದರೆ ಊಟದ ಮೇಜಿನ ಮುಂದೆ ನಿಂತಾಗ ಮೂರು ಸಂಗತಿ ನನ್ನ ಕೈ ಹಿಡಿದವು. ಮೊದಲನೆಯದು ಬಿಸಿ. ಮನೆಯ ಸೆಖೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಗೆಲ್ಲ ಮೆತ್ತಗಾಗತೊಡಗುತ್ತದೆ. ಸ್ಟೀಲ್ ಲೋಟದ ಕಾಫಿಯೇ ಅದಕ್ಕಿಂತ ಬಿಸಿ. ಕುಕ್ಕರ್, ಸಾರಿನ ಪಾತ್ರೆ, ಒಲೆಯಿಂದ ನೇರ ಬಂದ ಬಾಣಲೆ ಇಡುವ ನಮ್ಮ ಊಟದ ಮೇಜಿಗೆ ಇದು ಸಣ್ಣ ಮಾತಲ್ಲ. ಹೆಚ್ಚು ಬಿಸಿ ತಾಳುವ ಬಗೆಗಳಿವೆ, ಅವಕ್ಕೂ ಮಿತಿಯಿದೆ. ಎರಡನೆಯದು ಬಿಸಿಲು. ಕಿಟಕಿಯ ಪಕ್ಕ ಇಟ್ಟದ್ದು ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ. ಬಿಸಿಲು ತಡೆಯುವ ವಸ್ತು ಬೆರೆಸಿದ ರೆಸಿನ್ ಅದನ್ನು ಮುಂದೂಡುತ್ತದೆ, ನಿಲ್ಲಿಸುವುದಿಲ್ಲ. ಅಂಗಳಕ್ಕೆ, ಬಿಸಿಲು ಬೀಳುವ ಜಗಲಿಗೆ ಎಪಾಕ್ಸಿ ಬೇಡವೇ ಬೇಡ. ಸ್ಟೀಲ್ ತಟ್ಟೆ ಎಳೆದರೆ ಗೀರೂ ಬೀಳುತ್ತದೆ, ಹೊಳಪು ಹೆಚ್ಚಿದಷ್ಟೂ ಆ ಗೀರು ಎದ್ದು ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಪಾಕ್ಸಿಗೆ ಹಿಂದಿರುಗುವ ದಾರಿಯಿಲ್ಲ. ಇನ್ನು ಮೂವತ್ತು ವರ್ಷಕ್ಕೆ ಒಂದು ಕೀಲು ಸಡಿಲವಾದರೆ, ಒಂದು ಹಲಗೆ ಬದಲಿಸಬೇಕಾದರೆ, ಆಗಿನ ಬಡಗಿ ಮೊದಲು ಹೀಟ್ ಗನ್ ಹಿಡಿದು ಇಂಚಿಂಚು ಕಾಯಿಸಿ ಕೆರೆಯಬೇಕು, ಅದರ ಜೊತೆ ಮರದ ಮೇಲ್ಪದರವೂ ಹೋಗುತ್ತದೆ. ಹಳೆಯ ವಸ್ತುಗಳನ್ನು ಕಾಪಾಡುವ ಸಂಗ್ರಹಾಲಯದವರು ಒಂದು ನಿಯಮ ಪಾಲಿಸುತ್ತಾರೆ: ಇಂದು ನಾವು ಹಚ್ಚಿದ್ದನ್ನು ನಾಳಿನವರು ತೆಗೆಯಲು ಸಾಧ್ಯವಿರಬೇಕು. ಮನೆಯ ಸಾಮಾನಿಗೂ ಈ ನಿಯಮ ಸಲ್ಲುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನ ಬೀಟೆ ಮರದ ಕೆತ್ತುಜೋಡಣೆಯ ಮೇಜು, ಅಜ್ಜಿಯ ಮದುವೆಯ ಪೆಟ್ಟಿಗೆ, ತೊಟ್ಟಿಲು, ದೇವರ ಮಂಟಪ ಇವುಗಳ ಮೇಲೆ ಯಾರಾದರೂ ಎಪಾಕ್ಸಿ ಸುರಿಯಲು ಹೊರಟರೆ ದಯವಿಟ್ಟು ತಡೆಯಿರಿ. ಚನ್ನಪಟ್ಟಣದಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಅದು ಕರಗಿ ಹರಡುವಂತೆ ಮಾಡುವ ಕುಶಲಕರ್ಮಿಗಳು ನಮ್ಮಲ್ಲೇ ಇದ್ದಾರೆ. ರಾಂಚಿಯಲ್ಲಿ ಅರಗಿಗೆಂದೇ 1924ರಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದ ದೇಶ ಇದು. ಆ ವಿದ್ಯೆ ಹಳತಾಯಿತೆಂದು ಬಿಡುವಂಥದ್ದಲ್ಲ.

ಊಟದ ಮೇಜಿಗೆ ಮರದ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕರೆಸಿದೆ. ಸಂದಿಗೆ ತೇಗದ್ದೇ ತೆಳು ಪಟ್ಟಿ ಕೂರಿಸಿ, ಕಪ್ಪು ಕಲೆ ತೆಗೆದು, ಅರಗಿನ ಪಾಲಿಶ್ ಕೈಯಿಂದಲೇ ಒರೆಸಿ ಕೊಟ್ಟರು. ನಾಲ್ಕು ದಿನದ ಕೆಲಸ. ಮೊನ್ನೆ ಅದರ ಮೇಲೆ ಮತ್ತೊಂದು ಬಿಳಿ ಬಳೆ ಬಿತ್ತು, ಸ್ಪಿರಿಟ್ ಮತ್ತು ಬಟ್ಟೆ ಹಿಡಿದು ಹತ್ತು ನಿಮಿಷದಲ್ಲಿ ನಾನೇ ತೆಗೆದೆ.

ನಿಮ್ಮ ಮನೆಯ ಮೇಜಿಗೆ ಎಪಾಕ್ಸಿಯೇ ಸರಿಯೆಂದು ನಿಮಗನಿಸಿದರೆ, ಅದೇ ಜಾತಿಯ ಮರದ ಒಂದು ತುಂಡಿನ ಮೇಲೆ ಮೊದಲು ಹಾಕಿ. ಒಂದು ವಾರ ಪೂರ್ತಿ ಬಿಡಿ. ಆಮೇಲೆ ನಿಮ್ಮ ಮನೆಯ ಬಿಸಿ ಕಾಫಿಯ ಲೋಟವನ್ನು ಅದರ ಮೇಲೆ ಹತ್ತು ನಿಮಿಷ ಇಟ್ಟು, ಎತ್ತಿ ನೋಡಿ.